ಸಿಮ್ಲೆಯ ತಟ್ಟೆ ಒಂದು ಸಲ ಮಿಂಚಿದರೆ

ಬೆಳಗಿನ ಐದೂಕಾಲು. ಲಾಲಿಡಾಂಡಾ ಗುಡ್ಡದ ನೆತ್ತಿಯ ತಗಡಿನ ಕೋಣೆಯಲ್ಲಿ ಜಸ್‌ಮಾಯಾ ರಾಯಿ ಟ್ರಾನ್ಸ್‌ಮಿಟರಿನ ಬೆನ್ನಿಗೆ ಮೂಗು ಹಚ್ಚಿ ನಿಂತಿದ್ದಾರೆ. ಮಂಜು ಒಳಗಿಳಿದಿದ್ದರೆ ಹಸಿ ಗೋಣಿಚೀಲದ ವಾಸನೆ ಬರುತ್ತದಂತೆ. ಬಂದರೆ, ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು ತೇವ ಆರುವವರೆಗೆ ಕಾಯಬೇಕು. ಇಂದು ಬಂದಿಲ್ಲ. ಸ್ವಿಚ್ ಒತ್ತುತ್ತಾರೆ. ಕೆಳಗೆ ಪೇಟೆಯ ಸ್ಟುಡಿಯೋದಲ್ಲಿ ಆಕಳಿಸುತ್ತ ಕೂತ ನಿರೂಪಕನ ದನಿ ಮೂರು ಕಣಿವೆಗಳಿಗೆ ಹೊರಡುತ್ತದೆ.

ಆರಕ್ಕೆ ಊರ ಸುದ್ದಿ. ಯಾರ ಎತ್ತು ತಪ್ಪಿಸಿಕೊಂಡಿದೆ, ಯಾವ ತೂಗುಸೇತುವೆಯ ಹಲಗೆ ಮುರಿದಿದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ. ಜಸ್‌ಮಾಯಾ ಬಾಗಿಲಲ್ಲಿ ನಿಂತು ಎದುರಿನ ಸಿಮ್ಲೆ ಗುಡ್ಡವನ್ನೇ ನೋಡುತ್ತಾರೆ. ಬಿಸಿಲು ಅಲ್ಲಿಗೆ ಮುಟ್ಟಿದ ಕೂಡಲೇ ಏನೋ ಒಂದು ಸಲ ಫಳಕ್ಕೆನ್ನುತ್ತದೆ.

"ಹರ್ಕಾ ಅಜ್ಜಿ ಕಂಚಿನ ತಟ್ಟೆ, ಭಾಯಿ. ಒಂದು ಸಲ ಮಿಂಚಿದ್ರೆ ಚೆನ್ನಾಗಿ ಕೇಳ್ತಿದೆ ಅಂತ. ಎರಡು ಸಲ ಮಿಂಚಿದ್ರೆ ಇಲ್ಲ ಅಂತ. ಮೊದಮೊದಲು ರೇಡಿಯೋ ಕರಕರ ಅಂದ್ರೆ ಬೈಯೋಕೆ ಅಂತ ಅರ್ಧ ದಿನ ನಡ್ಕೊಂಡ್ ಬರ್ತಿದ್ಲು. ಬೈದು, ನಮ್ಮನೇಲೇ ಉಂಡು ಹೋಗ್ತಿದ್ಲು. ಆಮೇಲೆ ತಟ್ಟೆ ಒಪ್ಪಂದ ಆಯ್ತು," ಎನ್ನುತ್ತಾರೆ, ಬರೆದುಕೊಳ್ಳಲು ಬಂದ ನನಗೆ.

ಗೋಪುರದ ಕಬ್ಬಿಣವನ್ನು ಬೆನ್ನ ಮೇಲೆ ಹೊತ್ತು ತಂದವರಲ್ಲಿ ಜಸ್‌ಮಾಯಾ ಒಬ್ಬರು. ಯಂತ್ರ ಕೂರಿಸಿದ ಎಂಜಿನಿಯರ್ ಮೂರನೇ ವಾರಕ್ಕೇ ಚಳಿ ತಾಳದೆ ಇಳಿದುಹೋದ. ಅವನು ಕೆಲಸ ಮಾಡುವಾಗ ಕೈಯನ್ನೇ ನೋಡುತ್ತಿದ್ದವರು ಇವರೊಬ್ಬರೇ. ಅಂದಿನಿಂದ ಹದಿನೆಂಟು ವರ್ಷ, ದಿನಕ್ಕೆರಡು ಬಾರಿ ಆರುನೂರ ನಲವತ್ತು ಮೆಟ್ಟಿಲು. ಗುರುತಿನ ಚೀಟಿಯಲ್ಲಿ 'ಸಹಾಯಕಿ' ಎಂದಿದೆ. ಯಾರಿಗೆ ಸಹಾಯಕಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ವೈಶಾಖದ ಒಂದನೇ ತಾರೀಖು, ಇಲ್ಲಿನ ಹೊಸ ವರ್ಷದ ದಿನ, ರೇಡಿಯೋ ಲಾಲಿಡಾಂಡಾ ಗಾಳಿ ಬಿಟ್ಟು ಇಂಟರ್ನೆಟ್ ಹಿಡಿಯುತ್ತದೆ. ಪರವಾನಗಿ, ಕರೆಂಟು, ಎಲ್ಲ ತಲೆನೋವೂ ತಪ್ಪುತ್ತದೆ ಎನ್ನುತ್ತಾರೆ ರೇಡಿಯೋದ ಅಧ್ಯಕ್ಷ ಟಂಕನಾಥ ಖತಿವಡಾ. "ಇನ್ನು ಕತಾರಲ್ಲಿ ಕೇಳ್ತಾರೆ, ಮಲೇಷ್ಯಾದಲ್ಲಿ ಕೇಳ್ತಾರೆ. ಇಡೀ ಜಗತ್ತೇ ನಮ್ಮ ಕೇಳುಗ!" ಈ ಬದಲಾವಣೆಯ ಪ್ರಕಟಣೆ ಫೇಸ್‌ಬುಕ್ಕಿನಲ್ಲಿ ಬಂದಿದೆ. ಸಿಮ್ಲೆಯಲ್ಲಿ ಉಳಿದಿರುವ ಒಂಬತ್ತು ಮನೆಗಳಲ್ಲಿ ಫೇಸ್‌ಬುಕ್ ಇಲ್ಲ. ಫೋನಿನ ಸಿಗ್ನಲ್ಲೂ ಇಲ್ಲ.

ಫಾಲ್ಗುಣದಲ್ಲಿ ಇಂಟರ್ನೆಟ್ ಪ್ರಸಾರದ ಪರೀಕ್ಷೆಗೆಂದು ಎರಡು ದಿನ ಟ್ರಾನ್ಸ್‌ಮಿಟರ್ ನಿಲ್ಲಿಸಿದ್ದರು. ಬೆಳಗಿನ ಊರ ಸುದ್ದಿ ಮುಗಿದ ಮೇಲೆ ಸ್ವಿಚ್ ಆರಿಸಿದ್ದು ಜಸ್‌ಮಾಯಾರೇ. ಮೊದಲ ದಿನವೇ, ಗುಡ್ಡದ ಈಚೆ, ಹರ್ಕಾ ಅಜ್ಜಿಯ ತಮ್ಮ ಮಾನ್‌ಧೋಜ್ ತೀರಿಕೊಂಡ. ಮನೆಯವರು ಎಂದಿನಂತೆ ಸ್ಟುಡಿಯೋಗೆ ಹೇಳಿ ನಿಶ್ಚಿಂತರಾದರು. ರೇಡಿಯೋ ಬಂದ ಮೇಲೆ ಸಾವಿನ ಸುದ್ದಿಗೆ ಆಳು ಓಡಿಸುವುದನ್ನು ಇಲ್ಲಿ ಎಲ್ಲರೂ ಮರೆತಿದ್ದಾರೆ. ಸುದ್ದಿ ಮೊಬೈಲಿನಲ್ಲಿ ಬಿತ್ತರವಾಯಿತು. ದೋಹಾದಲ್ಲಿದ್ದ ಸೋದರಳಿಯ ಕೇಳಿ ಅತ್ತ. ಎದುರು ಗುಡ್ಡದ ಅಕ್ಕ ದನಕ್ಕೆ ಹುಲ್ಲು ಹಾಕುತ್ತಿದ್ದಳು.

"ಮಣ್ಣಿಗೆ ನಾನೂ ಹೋಗಿದ್ದೆ. ಎಲ್ಲರೂ ಒಂದೊಂದು ಹಿಡಿ ಹಾಕಿದ್ವಿ. ಅಕ್ಕ ಎಲ್ಲಿ ಅಂತ ಯಾರೋ ಕೇಳಿದ್ರು. ರೇಡಿಯೋದಲ್ಲಿ ಹೇಳಿದೀವಲ್ಲ, ಮಂಡಿ ನೋವಿರ್ಬೇಕು ಅಂದ್ರು. ನಾನೂ ಹೂಂ ಅಂದೆ, ಭಾಯಿ. ಆರಿಸಿದ್ದು ನನ್ನ ಕೈ, ನನಗೇ ಹೊಳೀಲಿಲ್ಲ."

ಮರುದಿನ ಬೆಳಿಗ್ಗೆ ರೂಢಿಯಂತೆ ಗುಡ್ಡ ಹತ್ತಿ ನಿಂತಾಗ ತಟ್ಟೆ ಎರಡು ಸಲ ಮಿಂಚಿತು. ನಿಂತು, ಮತ್ತೆ ಎರಡು ಸಲ. ಮತ್ತೆ ಎರಡು. ಜಸ್‌ಮಾಯಾ ಮೆಟ್ಟಿಲಿಳಿದು, ಹೊಳೆ ದಾಟಿ, ಮಧ್ಯಾಹ್ನಕ್ಕೆ ಸಿಮ್ಲೆ ಹತ್ತಿದರು.

"ಏನಂದ್ಲು ಗೊತ್ತಾ? 'ನಿನ್ನ ಮೆಷಿನ್ ಕೆಟ್ಟಿದೆ ಅಂದ್ಕೊಂಡೆ ಕಣೇ. ಪಾಪ, ಒಬ್ಬಳೇ ರಿಪೇರಿ ಮಾಡ್ತಿರ್ತಾಳೆ ಅಂತ' ಅಂದ್ಲು. ಕೂತ್ಕೋ, ಗಂಜಿ ಕುಡಿ ಅಂದ್ಲು. ಆಮೇಲೆ ನಾನು ಹೇಳಿದೆ."

ಇಟ್ಟಿಗೆಯ ಬಟ್ಟೆ ಮಡಚುತ್ತಾರೆ.

ಬೆಳಿಗ್ಗೆ ಅರ್ಧ ಗಂಟೆ, ಊರ ಸುದ್ದಿಗೆ ಮಾತ್ರ, ಯಂತ್ರ ನಡೆಯಲಿ ಎಂದು ಜಸ್‌ಮಾಯಾ ಕೇಳಿದ್ದರು. ಅಧ್ಯಕ್ಷರು ನಕ್ಕರಂತೆ: "ದೀದಿ, ನೀವು ಇನ್ನೂ ಗುಡ್ಡದ ಮೇಲೇ ಇದೀರಿ." ಅದು ನಿಜವೂ ಹೌದು. ಹೊಸ ವರ್ಷದ ಸಮಾರಂಭದಲ್ಲಿ ಶಾಲು ಮೊಬೈಲ್ ಆಪ್ ಮಾಡಿದ ಹುಡುಗರಿಗೆ. ಜಸ್‌ಮಾಯಾರಿಗೆ ಕುರ್ಚಿ ಜೋಡಿಸುವ ಕೆಲಸ ಕೊಟ್ಟಿದ್ದಾರೆ.

"ಇನ್ನು ತಟ್ಟೆ ತೋರಿಸ್ಬೇಡ ಅಜ್ಜಿ ಅಂತ ಹೇಳಿ ಬಂದಿದೀನಿ. ತೋರಿಸ್ತಾಳೆ, ಹಟಮಾರಿ."

ಬೀಗ ಹಾಕಿ ಎರಡು ಮೆಟ್ಟಿಲು ಇಳಿದವರು ಏನೋ ನೆನಪಾದಂತೆ ತಿರುಗುತ್ತಾರೆ.

"ಬರೀತೀರಲ್ಲ, ಇದನ್ನ ಸರಿಯಾಗಿ ಬರೀರಿ. ಹದಿನೆಂಟು ವರ್ಷದಲ್ಲಿ ತಟ್ಟೆ ಎರಡು ಸಲ ಮಿಂಚಿದ್ದು ಹನ್ನೊಂದೇ ದಿನ. ಫಾಲ್ಗುಣದಲ್ಲಿ ಮೆಷಿನ್ ಕೆಟ್ಟಿರ್ಲಿಲ್ಲ, ಅದನ್ನ ನನ್ನ ಲೆಕ್ಕಕ್ಕೆ ಹಾಕ್ಬೇಡಿ."