ತಿದ್ದಿದ ಹೆಸರು

ಅವರ ಬಲಗೈಯ ನಡುಬೆರಳಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಗಂಟಿತ್ತು. ವರ್ಷಾನುಗಟ್ಟಲೆ ಮಾನಸಿಕ ಆಸ್ಪತ್ರೆಯ ಕೇಸ್ ಶೀಟ್ ಬರೆದದ್ದರ ಗುರುತು. ನಾನು ಅವರನ್ನು ಕಾಣುವ ಹೊತ್ತಿಗೆ ಗಂಟು ಉಳಿದಿತ್ತು, ಬರೆಯುವ ಶಕ್ತಿ ಹೋಗಿತ್ತು. ಚಹಾದ ಕಪ್ ಹಿಡಿದರೆ ಅರ್ಧ ಚಹಾ ಸಾಸರಿಗೇ.

ಎರಡು ಸಾವಿರದ ಈಚಿನ ಮಾತು. ನನ್ನ ಗಂಡ ನೈರೋಬಿಯ ಒಂದು ಔಷಧಿ ಕಾರ್ಖಾನೆಗೆ ಮ್ಯಾನೇಜರಾಗಿ ಬಂದಿದ್ದರು. ಹೈರಿಡ್ಜ್‌ನಲ್ಲಿ ನಮ್ಮ ಕೆಳಗಿನ ಫ್ಲಾಟಿನವರೇ ಈ ಡಾಕ್ಟರು. ಮಂಗಳೂರು ಕಡೆಯ ಕ್ರೈಸ್ತರು, ಮನೋವೈದ್ಯರು. ಪ್ರಾಯದಲ್ಲೇ ಬಂದು ಇಲ್ಲೇ ಮುದುಕರಾದವರು, ಹೆಂಡತಿ ತೀರಿಕೊಂಡಿದ್ದರು. ನಾನು ಮೈಸೂರಿನಲ್ಲಿ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದೆ ಎಂದು ಗೊತ್ತಾದ ದಿನವೇ ಬಂದು ಬಾಗಿಲು ತಟ್ಟಿದರು.

"ತಲೆಯಲ್ಲಿ ಒಂದು ಪುಸ್ತಕ ಉಂಟು ಮಾರಾಯ್ತಿ. ತಲೆ ಖಾಲಿಯಾಗುವ ಮೊದಲು ಬರೆದುಕೊಳ್ತೀಯಾ?"

ತಮಾಷೆಯಲ್ಲ. ಮರೆವಿನ ರೋಗ ಹತ್ತಿದೆ ಎಂದು ತಮಗೆ ತಾವೇ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡಿದ್ದರು. ಹೆಚ್ಚೆಂದರೆ ಎರಡು ವರ್ಷ ಎಂದರು, ಪಕ್ಕದ ಮನೆಯವರ ಕಾಯಿಲೆ ಹೇಳುವ ಹಾಗೆ.

ಪುಸ್ತಕ ಪತ್ತೇದಾರಿ ಕಾದಂಬರಿಯಂಥದು. ಎರಡನೆಯ ಮಹಾಯುದ್ಧ ಶುರುವಾದ ಹೊತ್ತಿನ ಜರ್ಮನಿ. ರೈಲು ನಿಲ್ದಾಣದಲ್ಲಿ ಒಬ್ಬ ಗಂಡಸು ಸಿಗುತ್ತಾನೆ, ತಾನು ಯಾರೆಂಬುದೇ ಅವನಿಗೆ ಗೊತ್ತಿಲ್ಲ. ಮಾನಸಿಕ ಆಸ್ಪತ್ರೆಗೆ ತಂದು ಹಾಕುತ್ತಾರೆ. ಅಲ್ಲಿ ವಿಜ್ಞಾನದ ಹೆಸರಿನಲ್ಲಿ ವಾಸಿಯಾಗದವರ ಪಟ್ಟಿ ತಯಾರಾಗುತ್ತಿದೆ. ಆ ಪಟ್ಟಿ ಸೇರಿದವರಿಗೆ ಉಳಿಗಾಲವಿಲ್ಲ. ಅಷ್ಟರೊಳಗೆ ಇವನ ಹೆಸರು ಸಿಕ್ಕಿದರೆ ಮನೆಯವರನ್ನು ಹುಡುಕಿ ಕಳಿಸಬಹುದು. ಒಬ್ಬ ತರುಣ ಡಾಕ್ಟರ್ ಆ ಹೆಸರಿನ ಬೆನ್ನು ಹತ್ತುತ್ತಾನೆ. ಲಂಡನ್ನಿನಲ್ಲಿ ನಮ್ಮ ಡಾಕ್ಟರಿಗೆ ಪಾಠ ಹೇಳಿದ, ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಮುದಿ ಪ್ರೊಫೆಸರರಿಂದ ಕೇಳಿದ ಸಂಗತಿಗಳಂತೆ.

"ಇಂಗ್ಲಿಷಲ್ಲೇ ಬರೀಬಹುದಿತ್ತಲ್ಲ ಡಾಕ್ಟ್ರೇ?"

"ಇಂಗ್ಲಿಷಿನಲ್ಲಿ ನಾನು ಬರೆದದ್ದೆಲ್ಲ ಸಹಿ ಹಾಕಿ ಕೈ ತೊಳೆದುಕೊಳ್ಳಲಿಕ್ಕೆ."

ಹೀಗೆ ಪಟ್ಟೆಂದು ಹೇಳಿ ಪುಟ್ಟ ಮಕ್ಕಳಂತೆ ಬಿಸ್ಕತ್ತು ಅದ್ದಿಕೊಂಡು ತಿನ್ನುವುದು ಅವರ ಕ್ರಮ. ಮಧ್ಯಾಹ್ನ ಮೂರರಿಂದ ಐದು ಅವರು ಹೇಳುವುದು, ನಾನು ನೋಟ್‌ಬುಕ್ಕಿಗೆ ಇಳಿಸುವುದು. ಮನೆಗೆ ಬಂದು ಶುದ್ಧ ಪ್ರತಿ ಮಾಡಿದ ಮೇಲೆ ಕಚ್ಚಾ ಹಾಳೆಗಳನ್ನು ಹರಿದು ಜಿಕೊ ಹೊತ್ತಿಸಲು ಇಡುತ್ತಿದ್ದೆ. ಕರೆಂಟು ಆಗಾಗ ಕೈಕೊಡುತ್ತಿದ್ದುದರಿಂದ ಆ ಇದ್ದಿಲೊಲೆಯೇ ನಮಗೆ ಗತಿ.

ತಿದ್ದುವುದು ನನಗೆ ಹುಟ್ಟುಗುಣ, ಮದುವೆಯ ಕರೆಯೋಲೆಯನ್ನೂ ಬಿಟ್ಟವಳಲ್ಲ. ಮೊದಲ ಅಧ್ಯಾಯದಲ್ಲಿ ನೀಲಿ ಕಣ್ಣಿದ್ದ ನರ್ಸಿಗೆ ನಾಲ್ಕನೆಯದರಲ್ಲಿ ಕಂದು ಕಣ್ಣು ಬಂದಾಗ ಹಿಡಿದು ತೋರಿಸಿದೆ. ಡಾಕ್ಟರಿಗೆ ಎಷ್ಟು ಖುಷಿ! "ಮರೆಯುವುದು ನನ್ನ ಕೆಲಸ, ತಿದ್ದುವುದು ನಿನ್ನದು" ಎಂದರು. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಅವರನ್ನು ಕೇಳುವುದನ್ನೂ ಬಿಟ್ಟೆ.

ಎರಡನೆಯ ವರ್ಷ ಅವರು ಬೇಗ ಬೇಗ ಇಳಿದುಹೋದರು. ಅಂಗಿಯ ಗುಂಡಿ ತಪ್ಪುತ್ತಿತ್ತು. ನನ್ನನ್ನು ಒಮ್ಮೊಮ್ಮೆ ಕೊಂಕಣಿಯಲ್ಲಿ ಮಾತಾಡಿಸುತ್ತಿದ್ದರು. ಆದರೂ ಕೊನೆಯ ಅಧ್ಯಾಯದ ದಿನ ಮುಖದಲ್ಲಿ ಬೇರೆಯೇ ಗೆಲವು. ತಡವರಿಸದೆ ಹೇಳುತ್ತಾ ಹೋದರು. ಕಿಟಕಿಯ ಹೊರಗೆ ಜಕರಂಡಾ ಹೂ ಉದುರುತ್ತಿದೆ. ನರ್ಸು ರೋಗಿಯ ತಲೆ ನೇವರಿಸಿ ಸ್ವಾಹಿಲಿಯಲ್ಲಿ 'ಪೋಲೆ, ಪೋಲೆ' ಎಂದು ಸಂತೈಸುತ್ತಾಳೆ. ರೋಗಿ ಕಣ್ಣು ಬಿಟ್ಟು ತನ್ನ ಹೆಸರು ಹೇಳುತ್ತಾನೆ. ಆ ಹೆಸರು ಜರ್ಮನ್ ಅಲ್ಲ, ಇಲ್ಲಿಯದು, ಇಲ್ಲಿಯ ಯಾವನಾದರೂ ಕಾವಲುಗಾರನಿಗೋ ಡ್ರೈವರಿಗೋ ಇರಬಹುದಾದಂಥದು.

ಅಯ್ಯೋ ಪಾಪ, ಜರ್ಮನಿಯೂ ನೈರೋಬಿಯೂ ಕಲಸಿಹೋಯಿತಲ್ಲ ಎಂದುಕೊಂಡೆ. ಮನೆಗೆ ಬಂದು ಜಕರಂಡಾ ಕಿತ್ತೆ, 'ಪೋಲೆ' ಹೊಡೆದುಹಾಕಿದೆ, ರೋಗಿಗೆ ಕಾರ್ಲ್ ಎಂದು ಹೆಸರಿಟ್ಟೆ. ಮುದುಕರ ಮರ್ಯಾದೆ ಉಳಿಸಿದೆನೆಂಬ ಜಂಬ ಬೇರೆ. ಮರುದಿನ ಅವರು ಕೇಳಿದ್ದು ಒಂದೇ ಮಾತು.

"ಹೆಸರು ಬರೆದಿಯಲ್ಲ?"

"ಬರೆದೆ ಡಾಕ್ಟ್ರೇ."

"ಸಾಕು. ಇನ್ನು ಹೋದರೂ ಅಡ್ಡಿಯಿಲ್ಲ."

ನಿಜವಾಗಿ ಹೋಗಲು ಎಂಟು ತಿಂಗಳು ಹಿಡಿಯಿತು. ಕೊನೆಗೆ ಪುಸ್ತಕವೂ ಗೊತ್ತಿರಲಿಲ್ಲ, ನಾನೂ ಗೊತ್ತಿರಲಿಲ್ಲ.

ಮಣ್ಣಿಗೆ ಬಂದವರಲ್ಲಿ ಅವರ ಆಸ್ಪತ್ರೆಯ ಹಳೆಯ ನರ್ಸೊಬ್ಬರಿದ್ದರು, ಇಲ್ಲಿಯವರೇ, ಎಂಬತ್ತರ ಹತ್ತಿರ. ಪುಸ್ತಕ ಬರೆದುಕೊಂಡವಳು ನಾನೇ ಎಂದು ತಿಳಿದು ನನ್ನ ಕೈ ಹಿಡಿದುಕೊಂಡರು. ತಾನೂ ಡಾಕ್ಟರೂ ಪ್ರಾಯದಲ್ಲಿದ್ದಾಗ ನೈರೋಬಿಯ ರೈಲು ನಿಲ್ದಾಣದಿಂದ ನೆನಪಿಲ್ಲದ ಒಬ್ಬನನ್ನು ವಾರ್ಡಿಗೆ ತಂದಿದ್ದರಂತೆ. ತಿಂಗಳುಗಳಾದ ಮೇಲೆ ಅವನು ಒಂದು ದಿನ ತನ್ನ ಹೆಸರು ಹೇಳಿದ. ಡಾಕ್ಟರು ನಂಬಲಿಲ್ಲ. ರೋಗಿ ಕಲ್ಪಿಸಿಕೊಂಡದ್ದು ಎಂದು ಕೇಸ್ ಶೀಟಿನಲ್ಲಿ ಬರೆದು, ಹೆಸರನ್ನೇ ಬರೆಯದೆ ಸಹಿ ಹಾಕಿದರು. ಅದೇ ವಾರ ಅವನು ಸತ್ತ. ಅನಾಮಧೇಯನೆಂದು ಹೂಳಿದರು. ಬಹಳ ದಿನ ಕಳೆದು ಅವನ ತಾಯಿ ಮಗನನ್ನು ಹುಡುಕಿಕೊಂಡು ಬಂದಳು. ಅವಳು ಹೇಳಿದ್ದೂ ಅದೇ ಹೆಸರು.

"ನನಗೆ ವಯಸ್ಸಾಯಿತು, ಆ ಹೆಸರು ಮರೆತೆ" ಎಂದರು ಆಕೆ. "ಕನ್ನಡದ ಪುಸ್ತಕದಲ್ಲಿ ಅವನ ಹೆಸರು ಸೇರಿಸಿದ್ದೇನೆ, ಇನ್ನು ಯಾರೂ ಅಳಿಸಲಾರರು ಅಂತ ಡಾಕ್ಟರ್ ಹೇಳಿದ್ದರು. ನನಗೆ ಆ ಭಾಷೆ ಬಾರದು. ಏನು ಹೆಸರು, ಹೇಳಮ್ಮಾ."

ಕಾರ್ಲ್ ಎನ್ನಲು ಬಾಯಿ ಬರಲಿಲ್ಲ. ಡಾಕ್ಟರು ಹೇಳಿದ ಹೆಸರು ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ. ನಾನು ತಿದ್ದಿಬಿಟ್ಟೆ ಎಂದೆ. ಕಚ್ಚಾ ಹಾಳೆ ಒಲೆಗೆ ಹೋಯಿತು ಎಂದೂ ಹೇಳಿದೆ. ಆಕೆ ಬೈಯಲಿಲ್ಲ, ಮೆಲ್ಲಗೆ ಕೈ ಬಿಟ್ಟರು, ಅಷ್ಟೆ.

ಶುದ್ಧ ಪ್ರತಿ ನನ್ನ ಬಳಿಯೇ ಇದೆ. ಕಾರ್ಲ್ ಎಂಬುದನ್ನು ಹೊಡೆದುಹಾಕಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಇಂದಿಗೂ ಗೇಟಿನ ಹೊಸ ಕಾವಲುಗಾರನೋ ಮಟಾಟು ವ್ಯಾನಿನ ಕಂಡಕ್ಟರನೋ ಸಿಕ್ಕಿದರೆ ನಿನ್ನ ಹೆಸರೇನಪ್ಪಾ ಎಂದು ಕೇಳುತ್ತೇನೆ. ಅವರು ಹೇಳಿದ ಮೇಲೆ ಮನಸ್ಸಿನಲ್ಲೇ ಒಂದು ಸಲ ಡಾಕ್ಟರ ದನಿಯಲ್ಲಿ ಆ ಹೆಸರು ಕೂಗಿ ನೋಡುತ್ತೇನೆ. ಇದುವರೆಗೆ ಯಾವುದೂ ಅದಲ್ಲ.