ಶಶಿಕಲಾ ಬರೆದ ಶಿಫಾರಸು

ಪ್ರಶಸ್ತಿಗೆ ಹೆಸರು ಕಳಿಸುವ ಕೆಲಸ ಬಂತೆಂದರೆ ಕಚೇರಿಯಲ್ಲಿ ಎಲ್ಲರಿಗೂ ಆಗಲೇ ಬೇರೆ ಕೆಲಸ ನೆನಪಾಗುತ್ತಿತ್ತು. ಕೊನೆಗೆ ಅದು ಬಂದು ಬೀಳುತ್ತಿದ್ದದ್ದು ಶಶಿಕಲಾಳ ಮೇಜಿನ ಮೇಲೆಯೇ. ಗುಬ್ಬಿಯಲ್ಲಿ ಹುಟ್ಟಿ, ತುಮಕೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಕುಣಿಗಲ್ಲಿನಲ್ಲಿ ಸಾಂಖ್ಯಿಕ ನಿರೀಕ್ಷಕಿಯಾಗಿ ತಲೆಗೂದಲು ನೆರೆಸಿಕೊಂಡವಳು. ತನಗೊಂದು ಶಾಲು ಬರಲಿಲ್ಲವೆಂಬ ಕೊರಗು ಅವಳಿಗೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಇತ್ತು. ಆದರೆ ತಾನು ಬರೆದ ನಾಲ್ಕು ಮಾತನ್ನು ಯಾರೋ ಮೈಕಿನಲ್ಲಿ ಓದುವಾಗ ವೇದಿಕೆಯ ಮೇಲಿದ್ದವರ ಕಣ್ಣು ತುಂಬಿ ಬಂದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಪಾಪ, ಅವಳಿಗಿದ್ದ ಚಪಲ ಅದೊಂದೇ.

ತುಮಕೂರಿನಲ್ಲಿ ನಿವೃತ್ತ ಅಂಕಿಅಂಶ ನೌಕರರ ಬಳಗವೊಂದಿತ್ತು. ಪ್ರತಿವರ್ಷ ಅಂಕಿಅಂಶ ದಿನದಂದು ಅವರು ಒಬ್ಬರನ್ನು ಸನ್ಮಾನಿಸುತ್ತಿದ್ದರು. ಆ ವರ್ಷ ಶಶಿಕಲಾ ಅಧಿಕಾರಿಗಳನ್ನೆಲ್ಲ ಬಿಟ್ಟು ನರಸಯ್ಯನ ಹೆಸರು ಕಳಿಸಿದಳು. ನರಸಯ್ಯ ಅಮೃತೂರಿನ ಆಚೆಯ ಒಂದು ಹಳ್ಳಿಯ ಗ್ರಾಮ ಸಹಾಯಕ. ರಾಗಿ ಕೊಯ್ಲಿನ ಕಾಲಕ್ಕೆ ಹಗ್ಗ, ಗೂಟ ಹೊತ್ತುಕೊಂಡು ಅವಳ ಹಿಂದೆ ಹೊಲ ಹೊಲ ಸುತ್ತುತ್ತಿದ್ದವನು.

ಅವರ ಕೆಲಸ ಇಷ್ಟೇ. ಯಾರ ಹೊಲ, ಅದರಲ್ಲಿ ಯಾವ ಜಾಗ ಎಂಬುದನ್ನು ಚೀಟಿ ಎತ್ತಿದ ಹಾಗೆ ಬಂದ ಸಂಖ್ಯೆ ಹೇಳುತ್ತದೆ. ಅಲ್ಲಿ ಗೂಟ ಹೊಡೆದು, ಚೌಕವಾಗಿ ಹಗ್ಗ ಬಿಗಿದು, ಒಳಗಿನ ಬೆಳೆಯನ್ನು ಕೊಯ್ದು ತೂಗಬೇಕು; ಇಡೀ ಊರಿನ ಇಳುವರಿಗೆ ಅದೇ ಲೆಕ್ಕ. ತೂಕ ಕಮ್ಮಿ ಬಂದರೆ ಊರಿಗೆಲ್ಲ ಬೆಳೆ ವಿಮೆ, ಜಾಸ್ತಿ ಬಂದರೆ ಯಾರಿಗೂ ಇಲ್ಲ. ಹಾಗಾಗಿ ಜೊಳ್ಳು ಬಿದ್ದ ಕಡೆಗೆ ಗೂಟ ಸ್ವಲ್ಪ ಸರಿಸಪ್ಪ ಎಂದು ಊರಿನವರು ಕೇಳುವುದು, ಆಮೇಲೆ ಸಹಾಯಕ ‘ನಾನೇನ್ ಮಾಡ್ಲಿ, ಮೇಡಂ ಬುಡ್ಲಿಲ್ಲ’ ಎಂದು ಕೈತೊಳೆದುಕೊಳ್ಳುವುದು ಮೊದಲಿನಿಂದಲೂ ನಡೆದುಬಂದ ರೂಢಿ. ಬೈಗುಳವೆಲ್ಲ ಪರಸ್ಥಳದ ಮೇಡಮ್ಮಿಗೆ. ಸಹಾಯಕ ಊರಲ್ಲಿ ಬಾಳ್ವೆ ಮಾಡಬೇಕಲ್ಲ! ಶಶಿಕಲಾಗೂ ಅದು ಗೊತ್ತಿತ್ತು, ಒಪ್ಪಿಗೆಯೂ ಇತ್ತು.

ಹಿಂದಿನ ಕೊಯ್ಲಿನಲ್ಲಿ ಒಂದು ದಿನ ಅವಳ ಜೀಪು ದಾರಿಯಲ್ಲೇ ಕೆಟ್ಟು ನಿಂತಿತು. ಅವಳು ಹೊಲಕ್ಕೆ ತಲುಪುವ ಹೊತ್ತಿಗೆ ನರಸಯ್ಯ ಒಬ್ಬನೇ ಗೂಟ ಹೊಡೆದು ಹಗ್ಗ ಬಿಗಿದಿದ್ದ. ಸರಿಸಿಯೇ ಇರುತ್ತಾನೆ ಅಂದುಕೊಂಡು ಅವಳು ಮತ್ತೆ ಅಳೆದಳು. ಗೂಟ ಸಂಖ್ಯೆ ಹೇಳಿದ ಜಾಗದಲ್ಲೇ ಇತ್ತು, ತೆನೆ ಚೆನ್ನಾಗಿ ಕಾಳುಕಟ್ಟಿದ ಜಾಗ. ನರಸಯ್ಯನ ಹೊಲವೂ ಅದೇ ಊರಲ್ಲಿ, ವಿಮೆ ಬಂದಿದ್ದರೆ ಅವನಿಗೂ ಬರುತ್ತಿತ್ತು. ಯಾಕಪ್ಪ ಸರಿಸಲಿಲ್ಲ ಎಂದು ಕೇಳಿದ್ದಕ್ಕೆ ತಲೆ ಕೆರೆದುಕೊಂಡು, ಕೈ ಬರಲಿಲ್ಲ ಅಂದ. ಆ ವರ್ಷ ಊರಿಗೆ ವಿಮೆ ಬರಲಿಲ್ಲ. ಮೇಡಂ ಬುಡ್ಲಿಲ್ಲ ಎಂದು ನರಸಯ್ಯ ಹೇಳಿದ, ಊರು ಎಂದಿನಂತೆ ಮೇಡಮ್ಮನನ್ನು ಬೈದು ಸುಮ್ಮನಾಯಿತು.

ಶಿಫಾರಸಿನಲ್ಲಿ ಶಶಿಕಲಾ ಇದನ್ನೇ ಬರೆದಳು. ಬರೆಯುವಾಗ ಅವಳಿಗೆ ಖುಷಿಯೋ ಖುಷಿ. ‘ಊರೇ ಕೇಳಿಕೊಂಡರೂ, ನೋಡುವವರು ಯಾರೂ ಇಲ್ಲದಿದ್ದರೂ’ ಎಂಬ ಸಾಲನ್ನು ತಿದ್ದಿ ತಿದ್ದಿ ಇಟ್ಟಳು. ಈ ಸಾಲು ಊರಿನವರ ಕಿವಿಗೂ ಬೀಳುತ್ತದೆ ಎಂದು ಇಷ್ಟು ಓದಿದವಳಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ.

ಸನ್ಮಾನದ ದಿನ ಊರಿನವರು ಟೆಂಪೊ ಮಾಡಿಕೊಂಡು ತುಮಕೂರಿಗೆ ಬಂದರು. ನಮ್ಮ ನರಸಯ್ಯನಿಗೆ ಶಾಲು ಹೊದಿಸುತ್ತಾರಂತೆ ಅಂದರೆ ಸುಮ್ಮನೆ ಕೂರುವುದುಂಟೇ? ಊರ ಹಿರಿಯ ಚನ್ನವೀರಯ್ಯ ಹಾರ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದ. ನಿರೂಪಕಿ ಶಶಿಕಲಾ ಬರೆದದ್ದನ್ನು ಒಂದಕ್ಷರ ಬಿಡದೆ ಓದಿದಳು. ಶಶಿಕಲಾ ಎಂದಿನಂತೆ ವೇದಿಕೆಯ ಮೇಲಿದ್ದವನ ಕಣ್ಣು ನೋಡಿದಳು. ಅದು ತುಂಬಿರಲಿಲ್ಲ, ಮುಂದಿನ ಸಾಲಿನಲ್ಲೇ ನೆಟ್ಟಿತ್ತು. ಚನ್ನವೀರಯ್ಯ ಹಾರವನ್ನು ಕುರ್ಚಿಯ ಮೇಲಿಟ್ಟು ಎದ್ದು ಹೋದ. ನರಸಯ್ಯ ಶಾಲು ಹೊದ್ದು ಕೆಳಗಿಳಿಯುವಷ್ಟರಲ್ಲಿ ಟೆಂಪೊ ಹೊರಟುಹೋಗಿತ್ತು. ಅವನು ಬಸ್ಸು ಹತ್ತಿ ಊರಿಗೆ ಹೋದ.

ಮುಂದಿನ ಕೊಯ್ಲು ಮುಗಿಯುವ ಹೊತ್ತಿಗೆ ಶಶಿಕಲಾ ಆ ಊರಿಗೆ ಹೋದಾಗ ಎಲ್ಲರ ರಾಗಿ ಮೆದೆ ಸೇರಿತ್ತು. ನರಸಯ್ಯನ ಹೊಲ ಮಾತ್ರ ಹಾಗೇ ನಿಂತಿತ್ತು, ಒಣಗಿದ ತೆನೆ ಮುರಿದು ನೆಲಕ್ಕೆ ಬೀಳುತ್ತಿತ್ತು. ಆ ಕಡೆ ಕೊಯ್ಲು ನಡೆಯುವುದೇ ಮುಯ್ಯಾಳಿನ ಮೇಲೆ: ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಈ ಸಲ ಅವನ ಹೊಲಕ್ಕೆ ಒಂದಾಳೂ ಬಂದಿರಲಿಲ್ಲ, ಅವನನ್ನೂ ಯಾರೂ ಕರೆದಿರಲಿಲ್ಲ. ಅಂಗಡಿ ಜಗಲಿಯಲ್ಲಿ ಅವನು ಕೂತರೆ ಉಳಿದವರು ಎದ್ದು ಹೋಗುತ್ತಿದ್ದರಂತೆ.

ಶಶಿಕಲಾ ನೆಟ್ಟಗೆ ಚನ್ನವೀರಯ್ಯನ ಮನೆಗೆ ಹೋಗಿ, ಅವತ್ತು ಹೊಲದಲ್ಲಿ ನಾನೂ ಇದ್ದೆ, ನಾನೇ ಬಿಡಲಿಲ್ಲ, ಪ್ರಶಸ್ತಿ ಬರಲಿ ಅಂತ ಹಾಗೆ ಬರೆದೆ ಅಂದುಬಿಟ್ಟಳು. ಚನ್ನವೀರಯ್ಯ ಸಿಟ್ಟಾಗಲಿಲ್ಲ.

“ಅವತ್ತು ಮೈಕ್ನಲ್ಲಿ ಓದ್ಸಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ? ಒಂದ್ ಹೇಳ್ಬುಡಿ.”

ಅವತ್ತಿನದು ಸುಳ್ಳು ಅಂದರೆ ನರಸಯ್ಯನ ಶಾಲು ಕದ್ದ ಶಾಲಾಗುತ್ತದೆ. ಇವತ್ತಿನದು ಅಂದರೆ ಅವನು ಊರಿಗೆ ಬೇಡವಾದವನಾಗಿಯೇ ಉಳಿಯುತ್ತಾನೆ.

“ಆಗಲ್ಲ ಅಂದಿದ್ರೆ ನಾವೇನ್ ಅವನ್ನ ನುಂಗ್ತಿದ್ವಾ?” ಅಂದ ಚನ್ನವೀರಯ್ಯ. “ನಮ್ ಮೊಕ ನೋಡ್ಕಂಡು ಮೇಡಂ ಬುಡ್ಲಿಲ್ಲ ಅಂದ್ನಲ್ಲವ್ವ.”

ಅವಳು ಹೊಲಕ್ಕೆ ಬಂದಳು. ನರಸಯ್ಯ ಆ ತುದಿಯಲ್ಲಿ ಬಗ್ಗಿ ಕೊಯ್ಯುತ್ತಿದ್ದ, ತಲೆ ಎತ್ತಲಿಲ್ಲ. ಹೆಂಡತಿ ಕದರಮ್ಮ ಈ ತುದಿಯಲ್ಲಿದ್ದಳು. ಶಶಿಕಲಾ ಬ್ಯಾಗನ್ನು ಬದುವಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಅಲ್ಲೇ ಬಿದ್ದಿದ್ದ ಇನ್ನೊಂದು ಕುಡುಗೋಲು ಎತ್ತಿಕೊಂಡಳು. ಕದರಮ್ಮ ಬಂದು ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು.

“ಬುಡಿ ತಾಯಿ. ನೀವ್ ಬರ್ದಿದ್ದೇ ಸಾಕು.”