ಕಡಲಾಚೆಯಿಂದ ಬರುತ್ತಿದ್ದ ಕಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿ ಪಕ್ಕ ಸ್ಟೂಲು ಎಳೆದುಕೊಂಡು ಕೂತ ಟೈಲರ್ ಮಾವ ಬಟ್ಟೆಯ ಮೊಲವೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಗೇಣುದ್ದದ ಸೂಜಿ ಮೊಲದ ಕತ್ತಿನ ಹಿಂದೆ ಹೊಕ್ಕು ಮುಖದಲ್ಲಿ ಹೊರಬರುತ್ತದೆ. ಕಪ್ಪು ದಾರ ಸುತ್ತಿ ಸುತ್ತಿ ಕಣ್ಣಾಗುತ್ತದೆ. ಸೊಸೆ ಫೋನು ಹಿಡಿದು ಬರುವುದೇ ತಡ, ಅವರ ಮೊದಲ ಮಾತು, "ನಮ್ಮ ದುಡ್ಡು ಇವತ್ತು ಹೇಗಿದೆಯಂತಮ್ಮ?" ಆಸ್ಪತ್ರೆ ಸೇರಿದ ನೆಂಟರನ್ನು ವಿಚಾರಿಸಿಕೊಂಡ ಹಾಗೆ.

"ಹೊರಗಿನ ದುಡ್ಡಿನ ಮುಂದೆ ಇನ್ನೊಂಚೂರು ಇಳಿದಿದೆ ಮಾವ."

ಬೀದಿಗೆಲ್ಲ ಅವರು ಟೈಲರ್ ಮಾವನೇ. ಸಿದ್ಧ ಉಡುಪಿನ ಅಂಗಡಿಗಳು ಸಾಲುಗಟ್ಟಿದ ಮೇಲೆ ಅಳತೆ ಕೊಡಲು ಬರುವವರು ಕಡಿಮೆಯಾದರು. ಅಂಗಡಿ ಮುಚ್ಚಿ ಮೆಷಿನ್ನನ್ನು ಮನೆಗೆ ತಂದರು. ಉಳಿಕೆ ಬಟ್ಟೆಯಲ್ಲಿ ಮೊಮ್ಮಗಳಿಗೆಂದು ಹೊಲಿದ ಮೊಲವನ್ನು ಸೊಸೆ ಫೋಟೊ ತೆಗೆದು ಫೋನಿನಲ್ಲಿ ಹಾಕಿದ್ದೇ, ಕೇಳುವವರು ಹುಟ್ಟಿಕೊಂಡರು. ಈಗ ಮನೆ ನಡೆಯುವುದೇ ಮೊಲಗಳಿಂದ. ಮಾವ ಹೊಲಿಯುತ್ತಾರೆ, ಅವರ ಹೆಂಡತಿ ಹತ್ತಿ ತುಂಬುತ್ತಾರೆ, ಸೊಸೆ ಫೋನಿನಲ್ಲಿ ಮಾರಿ ಪಾರ್ಸೆಲ್ ಕಟ್ಟುತ್ತಾಳೆ.

ಇಲ್ಲೇ ಹುಟ್ಟಿ ಇಲ್ಲೇ ಮಾರಾಟವಾಗುವ ಮೊಲಕ್ಕೂ ಹೊರದೇಶದ ಹಣಕ್ಕೂ ಎಲ್ಲಿಯ ನಂಟು? ಕೇಳಿದರೆ ಮಾವ ನಗುತ್ತಾರೆ. "ಬಟ್ಟೆ ನಮ್ದು, ದಾರ ನಮ್ದು, ಕೈ ನಮ್ದು. ಕಣ್ಣು ಮಾತ್ರ ಕಡಲಾಚೆಯಿಂದ ಬರ್ತಿತ್ತು." ಒಳಗಿನಿಂದ ಬಿಲ್ಲೆ ಒತ್ತಿ ಬಿಗಿಯುವ ಆ ಹೊಳೆಯುವ ಪ್ಲಾಸ್ಟಿಕ್ ಕಣ್ಣುಗಳಿಗೆ ಅಲ್ಲಿನ ಹಣದಲ್ಲೇ ಬೆಲೆ. ನಮ್ಮ ಹಣ ಸೊರಗಿದಷ್ಟೂ ಅವು ತುಟ್ಟಿ.

ಇಕ್ಕಟ್ಟು ಬಂದದ್ದು ಶಿಶುವಿಹಾರವೊಂದರ ಆರ್ಡರಿನ ಹೊತ್ತಿಗೆ. ಅಷ್ಟೂ ಮಕ್ಕಳಿಗೆ ಒಂದೊಂದು ಮೊಲ. ಹಳೆಯ ಬೆಲೆಗೇ ಒಪ್ಪಿಕೊಂಡಾಗಿತ್ತು. ಅಷ್ಟರಲ್ಲಿ ಕಣ್ಣಿನ ಬೆಲೆ ಏರಿತು. ಹೆಚ್ಚು ಕೇಳಿದರೆ ಆರ್ಡರ್ ತಪ್ಪುತ್ತದೆ, ಫೋನಿನಲ್ಲಿ ಹೆಸರೂ ಕೆಡುತ್ತದೆ. ಕೇಳದಿದ್ದರೆ ಕೂಲಿಯೂ ಗಿಟ್ಟುವುದಿಲ್ಲ. ಸೊಸೆಗೆ ಊಟ ಸೇರಲಿಲ್ಲ. ದಾರದಲ್ಲೇ ಕಣ್ಣು ಮಾಡಿಬಿಡುತ್ತೇನೆಂದು ಮಾವ ಕೂತರು.

ಕೈಗೆ ಹತ್ತಿದ ಅಭ್ಯಾಸ ನೋಡಿ. ಕೊಂಡ ಕಣ್ಣನ್ನು ಹತ್ತಿ ತುಂಬುವ ಮೊದಲೇ ಕೂರಿಸಬೇಕು. ದಾರದ ಕಣ್ಣನ್ನೂ ಹಾಗೇ ಮೊದಲೇ ಹೊಲಿದರು. ಹತ್ತಿ ತುಂಬಿದ್ದೇ ಮುಖ ಉಬ್ಬಿತು, ಬಟ್ಟೆ ಎಳೆಯಿತು, ಒಂದೊಂದು ಕಣ್ಣು ಒಂದೊಂದು ದಿಕ್ಕಿಗೆ ಓಡಿತು. ಮೆಷಿನ್ನಿನ ಮೇಲೆ ಸಾಲಾಗಿ ಕೂತ ಮೊಲಗಳನ್ನು ನೋಡಿ ಹೆಂಡತಿ ಕೇಳಿದ್ದಿಷ್ಟೇ: "ರೀ, ಇವಕ್ಕೆಲ್ಲ ಯಾರು ಬೈದ್ರು, ಒಂದೂ ನೆಟ್ಟಗೆ ನೋಡ್ತಿಲ್ಲ?"

ಎಲ್ಲವನ್ನೂ ಬಿಚ್ಚಿದ್ದಾಯಿತು. ಹಾಸಿಗೆ ಹೊಲಿಯುವವನ ಹತ್ತಿರ ಉದ್ದ ಸೂಜಿ ಕೇಳಿ ತಂದು, ತುಂಬಿದ ಮೇಲೆ ಕತ್ತಿನ ಹಿಂದಿನಿಂದ ತೂರಿಸಿದರು. ಕಣ್ಣು ಜಾಗಕ್ಕೆ ಬಂತು. ಸೊಸೆ ಹೊಸ ಮೊಲದ ಫೋಟೊ ಕಳಿಸಿ, ಕಣ್ಣು ಬದಲಾಗಿದೆ, ಕಾರಣ ಹೀಗೆ ಎಂದು ಮುಚ್ಚುಮರೆಯಿಲ್ಲದೆ ಬರೆದಳು. ಸಂಜೆ ಶಿಶುವಿಹಾರದ ಟೀಚರ್ ಬರೆದರು: ನಮ್ಮ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಕಿತ್ತು ಬರುವ ಭಯವಿಲ್ಲದ ಈ ಕಣ್ಣೇ ಇರಲಿ. ಆ ರಾತ್ರಿ ಸೊಸೆ ಎರಡು ಸಲ ಬಡಿಸಿಕೊಂಡಳು.

ಹಾಗೆಂದು ಸುಖ ಬಂದು ಕೂತಿಲ್ಲ. ದಾರದ ಕಣ್ಣು ಹೊತ್ತು ತಿನ್ನುತ್ತದೆ. ದಿನಕ್ಕೆ ಎಂಟು ಮೊಲ ಎದ್ದು ನಿಲ್ಲುತ್ತಿದ್ದ ಮನೆಯಲ್ಲಿ ಈಗ ಐದು. ಪಾರ್ಸೆಲ್ಲಿನ ದರವೂ ಏರಿದೆ. ದುಡ್ಡು ಚೇತರಿಸಿಕೊಂಡರೆ ಹಳೆಯ ಕಣ್ಣೇ ತರಿಸುತ್ತೀರಾ ಎಂದರೆ ಮಾವ ಕೈಯಲ್ಲಿದ್ದ ಮೊಲವನ್ನು ಬೆಳಕಿಗೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾರೆ.

"ದುಡ್ಡು ಯಾಕೆ ಇಳಿಯುತ್ತೆ, ಯಾರು ಇಳಿಸ್ತಾರೆ, ತಿಳ್ಕೋಬೇಕು ಅಂತ ಭಾಳ ಆಸೆ ಇದೆ. ಆದ್ರೆ ಅದು ನನ್ನ ಕೈಲಿಲ್ಲ. ಈ ಮೊಲ ಮಗು ಕಡೆ ನೆಟ್ಟಗೆ ನೋಡ್ಬೇಕು. ಅದಿದೆ ನನ್ನ ಕೈಲಿ."